ಆ ಒದ್ದೆ ಕೊಡೆ ಯಾರದು?

ಪ್ರಿಯ ತಮ್ಮ,

ನಿನ್ನ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿ ಬಂದು ಹನ್ನೊಂದು ದಿನವಾಯಿತು. ನೂರ ಹನ್ನೆರಡನೆಯ ಪುಟದವರೆಗೆ ಓದಿ, ಸಿಟ್ಟು ಬಂದು ಮುಚ್ಚಿಟ್ಟಿದ್ದೇನೆ. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು, ಈ ‘ಮೇಡಂ’ ಬೇಡ. ನಾಟಕದವರೆಲ್ಲ ನನ್ನನ್ನು ಅಕ್ಕ ಎನ್ನುತ್ತಾರೆ, ನೀನೂ ಹಾಗೇ ಕರೆ.

ನಿನ್ನ ಪತ್ರದ ನಾಲ್ಕು ಪುಟಗಳಲ್ಲಿ ಮೂರು ಪುಟ ಬರೀ ಪ್ರಶ್ನೆಗಳು. ಅಧ್ಯಾಯ ಎಷ್ಟು ಉದ್ದವಿರಬೇಕು, ಕಥೆಯನ್ನೆಲ್ಲ ಮೊದಲೇ ಗೀಟು ಹಾಕಿಟ್ಟುಕೊಳ್ಳಬೇಕೇ, ಕೈಯಲ್ಲಿ ಬರೆಯಬೇಕೇ ಲ್ಯಾಪ್‌ಟಾಪ್ ಸಾಕೇ. ಇವುಗಳಿಗೆ ನಾನು ಉತ್ತರ ಕೊಡುವುದಿಲ್ಲ. ಮೂರು ಕಾದಂಬರಿ ಬರೆದು ಮುಗಿಸುವಷ್ಟರಲ್ಲಿ ನಿನಗೇ ತಿಳಿಯುತ್ತದೆ. ನನ್ನ ಮನಸ್ಸಿಗೆ ತಾಗಿದ್ದು ಕೊನೆಯ ಪುಟ. ಶಿಬಿರದಲ್ಲಿ ಹಿರಿಯರೊಬ್ಬರು ‘ಪತ್ತೇದಾರಿಯೇ? ನಾಟಕ ಮಾಡುವ ಹುಡುಗ ನೀನು, ಏನಾದರೂ ಗಂಭೀರವಾದದ್ದು ಬರೆ’ ಎಂದು ನಕ್ಕರಂತೆ. ಆ ರಾತ್ರಿ ಹುಬ್ಬಳ್ಳಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಹಸ್ತಪ್ರತಿಯನ್ನು ಎಸೆಯಲು ಎರಡು ಸಲ ಕೈ ಎತ್ತಿದೆಯಂತೆ. ಓದಿ ನನಗೆ ಹೊಟ್ಟೆ ಕಿವುಚಿದಂತಾಯಿತು. ಎಸೆಯದೆ ಮನೆಗೆ ತಂದೆಯಲ್ಲ, ಅಷ್ಟು ಸಾಕು.

ಆ ನಗುವಿನ ಪರಿಚಯ ನನಗೂ ಇದೆ. ಒಂದು ಸನ್ಮಾನ ಸಮಾರಂಭದಲ್ಲಿ ನನ್ನನ್ನು ಸಭೆಗೆ ಪರಿಚಯಿಸಿದವರು ನಾನು ಮಾಡಿದ ಪಾತ್ರಗಳನ್ನೆಲ್ಲ ಒಂದೊಂದಾಗಿ ಹೆಸರಿಸಿ, ನನ್ನ ಹದಿನಾಲ್ಕು ಕಾದಂಬರಿಗಳನ್ನು ‘ಬಿಡುವಿನ ವೇಳೆಯಲ್ಲಿ ಬರವಣಿಗೆಯ ಹವ್ಯಾಸವೂ ಉಂಟು’ ಎಂಬ ಒಂದು ಮಾತಿನಲ್ಲಿ ಮುಗಿಸಿದರು. ಇಪ್ಪತ್ತೆರಡು ವರ್ಷವಾಯಿತು. ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಗಳನ್ನು ಬರೆದವರು ಎಂಬುದು ಹೀಗೆ ನಗುವವರಿಗೆ ಗೊತ್ತಿರುವುದಿಲ್ಲ. ನನ್ನ ಅಮ್ಮ ಎರಡನೆಯ ತರಗತಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಅವಳು ಓದಲು ಕಲಿತದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗಾಗಿ. ಒಲೆಯ ಮುಂದೆ ಕೂತು ಜೋರಾಗಿ ಓದುತ್ತಿದ್ದಳು, ಅನ್ನ ತಳ ಹಿಡಿಯುತ್ತಿತ್ತು. ಅವಳ ಆ ಓದಿಗಿಂತ ಗಂಭೀರವಾದ ಓದನ್ನು ನಾನು ಕಂಡಿಲ್ಲ.

ಸಮಯ ಸಾಲುವುದಿಲ್ಲ, ನಾಟಕ ಬಿಡಲೇ ಕಾದಂಬರಿ ಬಿಡಲೇ ಎಂದು ಕೇಳಿದ್ದೀಯ. ದೂರವಾಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಪಾಳಿಯ ಕೆಲಸ ಮಾಡುತ್ತಲೇ ನಾನು ಎರಡನ್ನೂ ಇಟ್ಟುಕೊಂಡಿದ್ದೆ. ಈಗಲೂ ಬೆಳಗ್ಗೆ ನಾಲ್ಕೂವರೆಗೆ ಎದ್ದು, ಹಾಲಿನವನು ಗೇಟು ತಟ್ಟುವವರೆಗೆ ಅಡುಗೆಮನೆಯ ಮೇಜಿನಲ್ಲಿ ಬರೆಯುತ್ತೇನೆ. ಆಮೇಲೆ ಸ್ನಾನ, ತಿಂಡಿ, ಔಷಧಿ, ಬ್ಯಾಂಕು, ಮೊಮ್ಮಗಳ ಶಾಲೆ. ಮಧ್ಯಾಹ್ನ ಬೆಳಗಿನ ಪುಟಗಳನ್ನು ಬಾಯಿ ಬಿಟ್ಟು ಓದಿ, ನಾಲಿಗೆ ತಡವರಿಸಿದಲ್ಲೆಲ್ಲ ಪೆನ್ಸಿಲ್ ಗೀಟು ಹಾಕುತ್ತೇನೆ. ಸಂಜೆ ಆರಕ್ಕೆ ಹನುಮಂತನಗರದ ಒಂದು ಶಾಲೆಯ ಸಭಾಂಗಣದಲ್ಲಿ ತಾಲೀಮು. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಮಾತು ಬಾಯಿಪಾಠ ಮಾಡಿಕೊಳ್ಳುತ್ತೇನೆ. ಪಕ್ಕದಲ್ಲಿ ಕೂತವರು ಮೊದಮೊದಲು ದಿಗಿಲಿನಿಂದ ನೋಡುತ್ತಾರೆ, ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ಕಿವಿ ಕೊಡುತ್ತಾರೆ. ಪ್ರದರ್ಶನವಿದ್ದ ದಿನ ಬಣ್ಣ ತೆಗೆದು ಮನೆ ಸೇರುವಾಗ ಹನ್ನೊಂದು. ಕೊಬ್ಬರಿ ಎಣ್ಣೆ ಎಷ್ಟು ತಿಕ್ಕಿದರೂ ಕಿವಿಯ ಹಿಂದೆ ಸ್ವಲ್ಪ ಬಣ್ಣ ಉಳಿಯುತ್ತದೆ. ಮರುದಿನ ನಾಲ್ಕೂವರೆಗೆ ಬರೆಯಲು ಕೂತಾಗ ಅದರ ವಾಸನೆ ಮೂಗಿಗೆ ಬರುತ್ತದೆ, ನನಗೆ ಅದು ಇಷ್ಟ.

ನೀನು ಯಾವುದನ್ನೂ ಬಿಡಬೇಡ. ಪತ್ತೇದಾರಿ ಬರೆಯುವುದನ್ನು ನನಗೆ ಕಲಿಸಿದ್ದು ರಂಗವೇ. ಒಂದು ನಾಟಕದಲ್ಲಿ ನಾನು ಎಡಗಡೆಯ ವಿಂಗ್‌ನಿಂದ ದೀಪ ಹಿಡಿದು ಬರುವ ಹೊತ್ತಿಗೆ ಬಲಗಡೆ ಮೇಜಿನ ಮೇಲಿದ್ದ ಬೀಗದ ಕೈಯನ್ನು ಇನ್ನೊಬ್ಬ ನಟ ಜೇಬಿಗೆ ಹಾಕಿಕೊಳ್ಳಬೇಕಿತ್ತು. ಅವನು ಕತ್ತಲಲ್ಲಿ ಇರಲಿಲ್ಲ, ಪರದೆಯ ಮರೆಯಲ್ಲೂ ಇರಲಿಲ್ಲ. ಮುನ್ನೂರು ಜನರ ಕಣ್ಣೆದುರಿಗೇ ಕೈ ಹಾಕುತ್ತಿದ್ದ. ಎಲ್ಲರೂ ದೀಪವನ್ನು ನೋಡುತ್ತಿದ್ದರು. ಕೊನೆಯ ದೃಶ್ಯದಲ್ಲಿ ಬೀಗದ ಕೈ ಅವನ ಜೇಬಿನಿಂದ ಹೊರಗೆ ಬಂದಾಗ ‘ಅಯ್ಯೋ, ಇಲ್ಲೇ ಇತ್ತಲ್ಲ’ ಎಂಬ ಉದ್ಗಾರ ಕೇಳಿಸುತ್ತಿತ್ತು. ತೋರಿಸಿಯೇ ಬಚ್ಚಿಡುವ ಈ ವಿದ್ಯೆಗಾಗಿ ನಾನು ಪತ್ತೇದಾರಿಯನ್ನು ಪ್ರೀತಿಸುತ್ತೇನೆ.

ಈಗ ನನ್ನ ಸಿಟ್ಟಿನ ವಿಷಯ. ನಿನ್ನ ಏಳನೆಯ ಅಧ್ಯಾಯದಲ್ಲಿ ಇನ್‌ಸ್ಪೆಕ್ಟರ್ ಸತ್ತವಳ ಪೆಟ್ಟಿಗೆಯಿಂದ ಒಂದು ಪತ್ರ ತೆಗೆದು ಓದುತ್ತಾನೆ. ‘ಅವನ ಮುಖ ಬಿಳುಚಿಕೊಂಡಿತು’ ಎಂದು ಬರೆದು, ಪತ್ರವನ್ನು ಮಡಿಸಿ ಅವನ ಜೇಬಿಗೆ ಹಾಕಿಸಿಬಿಟ್ಟೆ! ಅಲ್ಲಿಯವರೆಗೆ ನಾನು ಅವನ ತಲೆಯೊಳಗೇ ಕೂತಿದ್ದೆ. ಅವನ ಹಲ್ಲುನೋವು ಗೊತ್ತು, ಹೆಂಡತಿಯ ಮೇಲಿನ ಮುನಿಸು ಗೊತ್ತು, ಬೂಟಿನೊಳಗಿನ ಮರಳು ಕೂಡ ಗೊತ್ತು. ಪತ್ರ ಬಿಚ್ಚಿದ ಕ್ಷಣಕ್ಕೆ ನನ್ನನ್ನು ಹೊರಗೆ ನೂಕಿ ಬಾಗಿಲು ಹಾಕಿದೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಪತ್ರದ ಗುಟ್ಟು ಒಡೆದಾಗ ನಿನ್ನ ತಂಡದವರೆಲ್ಲ ಚಪ್ಪಾಳೆ ಹೊಡೆದರು ಎಂದು ಸಂಭ್ರಮದಿಂದ ಬರೆದಿದ್ದೀಯ. ಹೊಡೆಯದೆ ಏನು ಮಾಡುತ್ತಾರೆ? ಅವರು ನಿನ್ನ ಗೆಳೆಯರು, ನೀನು ಒಳ್ಳೆಯ ನಟ, ಧ್ವನಿ ಏರಿಸಿ ಇಳಿಸಿ ಚೆನ್ನಾಗಿಯೇ ಓದಿರುತ್ತೀಯ. ತಮ್ಮಾ, ಆ ಚಪ್ಪಾಳೆಗೆ ನನ್ನಷ್ಟು ಬೆಲೆ ತೆತ್ತವರು ಕಡಿಮೆ. ಯಾರಿಗೂ ಹೇಳದ ಒಂದು ಸಂಗತಿಯನ್ನು ನಿನಗೆ ಹೇಳುತ್ತೇನೆ.

1986ರಲ್ಲಿ ನನ್ನ ಕಾದಂಬರಿಯೊಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಮಲೆನಾಡಿನ ಕಾಫಿ ತೋಟದ ಮನೆ, ಜುಲೈ ತಿಂಗಳ ಮಳೆ, ಯಜಮಾನರ ಕೊಲೆ. ಕೊಂದವನು ಊರಿನ ಡಾಕ್ಟರು. ಆ ರಾತ್ರಿ ಮನೆ ಬಿಟ್ಟು ಕದಲಲಿಲ್ಲ ಎಂದು ಅವನು ಹೇಳುತ್ತಾನೆ. ಆದರೆ ಮೂರನೆಯ ಕಂತಿನಲ್ಲೇ, ಬೆಳಗ್ಗೆ ಔಷಧಿಗೆ ಬಂದ ಹುಡುಗನೊಬ್ಬ ಡಾಕ್ಟರ ಜಗಲಿಯಲ್ಲಿ ಬಿಚ್ಚಿಟ್ಟ ಒದ್ದೆ ಕೊಡೆಯನ್ನು ದಾಟಿಕೊಂಡು ಹೋಗುತ್ತಾನೆ. ಅದೊಂದೇ ಸಾಲು, ಆ ಸಾಲಿನ ಮೇಲೆ ಇಡೀ ಕಾದಂಬರಿ ನಿಂತಿತ್ತು.

ಹದಿನಾಲ್ಕನೆಯ ವಾರದ ಹೊತ್ತಿಗೆ ಓದುಗರ ಪತ್ರಗಳು ಕಟ್ಟುಗಟ್ಟಲೆ ಬಂದವು. ಎಲ್ಲರಿಗೂ ಡಾಕ್ಟರೆಂದರೆ ಪ್ರಾಣ. ‘ನನ್ನ ಸತ್ತ ಅಣ್ಣನ ಹಾಗೆ’ ಎಂದು ಒಬ್ಬಾಕೆ ಬರೆದಿದ್ದಳು. ಡಾಕ್ಟರ ವಿಷಯದಲ್ಲಿ ಸ್ವಲ್ಪ ನೋಡಿಕೊಳ್ಳಿ ಎಂದು ಪತ್ರಿಕೆಯಿಂದಲೂ ಫೋನ್ ಬಂತು. ಅದೇ ದಿನಗಳಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ನನ್ನದೊಂದು ಪಾತ್ರ ನಡೆಯುತ್ತಿತ್ತು. ಒಂದು ಮಾತಿಗೆ ಪ್ರತಿ ಸಲವೂ ಚಪ್ಪಾಳೆ ಬೀಳುತ್ತಿತ್ತು. ನಾನು ಆ ಮಾತು ಮುಗಿಸಿ ಕಾಯತೊಡಗಿದ್ದೆ. ನಿರ್ದೇಶಕರು ಗ್ರೀನ್ ರೂಮಿಗೆ ಬಂದು, ‘ನೀವು ಮಾತಾಡುತ್ತಿಲ್ಲ, ಕೈ ಚಾಚುತ್ತಿದ್ದೀರಿ’ ಎಂದರು. ರಂಗದ ಮೇಲೆ ತಿದ್ದಿಕೊಂಡೆ. ಮನೆಯಲ್ಲಿ ಬರೆಯಲು ಕೂತಾಗ ತಿದ್ದಿಕೊಳ್ಳಲಿಲ್ಲ. ಇಪ್ಪತ್ತೆರಡನೆಯ ಕಂತಿನಲ್ಲಿ ಕೊಲೆಯನ್ನು ತೋಟದ ಲೆಕ್ಕ ಬರೆಯುವ ರೈಟರನ ತಲೆಗೆ ಕಟ್ಟಿದೆ. ಹೆಚ್ಚು ಮಾತಿಲ್ಲದ, ಯಾರಿಗೂ ಬೇಡದ ಪಾತ್ರ ಅದು. ಅವನಿಗಾಗಿ ಪತ್ರ ಬರೆಯುವವರು ಯಾರೂ ಇರಲಿಲ್ಲ. ಹೊಗಳಿಕೆಯ ಮಳೆಯೇ ಸುರಿಯಿತು.

ನಮ್ಮ ಬೀದಿಯಲ್ಲಿ ದಿನ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಯೊಂದಿತ್ತು. ಒಂದು ಸಂಜೆ ಅದರ ಯಜಮಾನರು ನಾನು ಬಾಡಿಗೆಗೆ ತೆಗೆದುಕೊಂಡ ಪುಸ್ತಕಕ್ಕೆ ತಾರೀಕಿನ ಮುದ್ರೆ ಒತ್ತುತ್ತ, ತಲೆ ಎತ್ತದೆ ಕೇಳಿದರು: ‘ಅಕ್ಕ, ಮೂರನೆಯ ವಾರದ ಆ ಒದ್ದೆ ಕೊಡೆ ಯಾರದು?’

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಮರುವರ್ಷ ಅದು ಪುಸ್ತಕವಾಗಿ ಬಂದಾಗ ತಿದ್ದಲು ಅವಕಾಶವಿತ್ತು. ಡಾಕ್ಟರನನ್ನು ಮತ್ತೆ ಕೊಲೆಗಾರನನ್ನಾಗಿ ಮಾಡಬಹುದಿತ್ತು. ನಾನು ಮಾಡಿದ್ದೇನು ಗೊತ್ತೇ? ಕೊಡೆಯ ಸಾಲನ್ನು ಹೊಡೆದು ಹಾಕಿದೆ. ಆ ಕಾದಂಬರಿ ನಾಲ್ಕು ಮುದ್ರಣ ಕಂಡಿದೆ. ಅದರ ಒಂದು ಪ್ರತಿಯನ್ನೂ ನಾನು ಮನೆಯಲ್ಲಿ ಇಟ್ಟುಕೊಂಡಿಲ್ಲ. ಲೈಬ್ರರಿಯ ಯಜಮಾನರು ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಅದು ಡಾಕ್ಟರದೇ ಎಂದು ಒಂದು ದಿನ ಅವರಿಗೆ ಹೇಳಬೇಕೆಂದುಕೊಂಡಿದ್ದೆ.

ಮುನ್ನೂರು ಚಪ್ಪಾಳೆಗಳ ನಡುವೆ ಹೀಗೆ ಕೊಡೆಯನ್ನು ನೆನಪಿಟ್ಟುಕೊಂಡ ಒಬ್ಬ ಕೂತಿರುತ್ತಾನೆ. ನೀನು ಬರೆಯಬೇಕಾದದ್ದು ಅವನಿಗೆ. ಅವನಿಗೆ ಕಂಡದ್ದನ್ನೆಲ್ಲ ಕೊಡು, ಕೊಟ್ಟ ಮೇಲೂ ಅವನು ಎಡವುವಂತೆ ಮಾಡು. ಲಂಡನ್ನಿನಲ್ಲಿ 1952ರಲ್ಲಿ ಶುರುವಾದ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ 2020ರಲ್ಲಿ ಕೋವಿಡ್ ಬರುವವರೆಗೂ ನಡೆಯುತ್ತಲೇ ಇತ್ತು, ಆಮೇಲೆ ಮತ್ತೆ ಶುರುವಾಯಿತು. ಆಟ ಮುಗಿದ ಮೇಲೆ ನಟರು ಪ್ರೇಕ್ಷಕರತ್ತ ತಿರುಗಿ, ಕೊಂದವರು ಯಾರೆಂದು ಹೊರಗೆ ಯಾರಿಗೂ ಹೇಳಬೇಡಿ ಎಂದು ಕೇಳಿಕೊಳ್ಳುತ್ತಾರೆ. ಸರಿಯಾಗಿ ಆಡಿ ತನ್ನನ್ನು ಸೋಲಿಸಿದವರ ಗುಟ್ಟನ್ನು ಮನುಷ್ಯ ಸಂತೋಷದಿಂದ ಕಾಪಾಡುತ್ತಾನೆ ಎಂದು ನಾನು ನಂಬಿದ್ದೇನೆ. ಮೋಸ ಹೋದವನಿಗೆ ಆ ಹಂಗಿಲ್ಲ.

ನಿನ್ನ ಕೈಯಲ್ಲಿ ಶಕ್ತಿ ಇದೆ. ಆ ಸತ್ತ ಹುಡುಗಿ ಸಂತೆಯಲ್ಲಿ ಬಳೆ ಚೌಕಾಸಿ ಮಾಡುವ ಪುಟವನ್ನು ನಾನು ಮೂರು ಸಲ ಓದಿದೆ. ಅವಳು ಸಾಯುತ್ತಾಳೆಂದು ಗೊತ್ತಿದ್ದೂ ಬಳೆ ಅವಳಿಗೆ ಕಡಿಮೆ ಬೆಲೆಗೆ ಸಿಗಲಿ ಎಂದು ಹಾರೈಸಿದೆ. ಇಂಥದ್ದನ್ನು ಬರೆಯಬಲ್ಲವನಿಗೆ ಜೇಬಿಗೆ ಹಾಕಿದ ಪತ್ರದ ಹಂಗೇಕೆ? ಪತ್ರವನ್ನು ಏಳನೆಯ ಅಧ್ಯಾಯದಲ್ಲೇ ಬಿಚ್ಚು. ಅದರಲ್ಲಿದ್ದ ಪ್ರತಿ ಅಕ್ಷರವನ್ನೂ ನನಗೆ ಓದಲು ಕೊಡು. ಕಥೆ ಕುಸಿದು ಬೀಳುತ್ತದೆ ಎಂದು ಹೆದರುತ್ತಿದ್ದೀಯ. ಬಿದ್ದರೆ ಬೀಳಲಿ, ಮತ್ತೆ ಕಟ್ಟು. ತಂಡದವರಿಗೆ ಈಗಲೇ ಓದಿ ತೋರಿಸಬೇಡ.

ಇವತ್ತು ರಂಗಶಂಕರದಲ್ಲಿ ಪ್ರದರ್ಶನವಿದೆ. ಏಳೂವರೆಗೆ ಮೂರನೆಯ ಬೆಲ್ ಆದರೆ ಬಾಗಿಲು ಮುಚ್ಚಿದಂತೆಯೇ. ನನಗೆ ಈಗಲೇ ನಾಲ್ಕಾಗಿದೆ, ಸೀರೆಗೆ ಇನ್ನೂ ಇಸ್ತ್ರಿ ಆಗಿಲ್ಲ. ನಿನ್ನ ಹಸ್ತಪ್ರತಿಯ ನೂರ ಹನ್ನೆರಡನೆಯ ಪುಟದಲ್ಲಿ ಹಳೆಯ ಬಸ್ ಟಿಕೆಟ್ ಇಟ್ಟಿದ್ದೇನೆ. ಹೊಸ ಏಳನೆಯ ಅಧ್ಯಾಯ ಬಂದ ದಿನ ಅಲ್ಲಿಂದ ಮುಂದಕ್ಕೆ ಓದುತ್ತೇನೆ.

ಇಂತಿ,
ನಿನ್ನ ಅಕ್ಕ