ಮಾರ್ಕ್ಸ್ ಭಯಕ್ಕೆ ಈಜು ಬಿಡಬೇಡ ಪುಟ್ಟಿ

ಪುಟ್ಟಿ,

ಪಿಯುಸಿ ಮುಗಿಯೋವರೆಗೆ ಈಜು ನಿಲ್ಲಿಸಿಬಿಡ್ಲಾ ಅಂತ ಕೇಳಿದೆ ಅಲ್ವಾ. ಬಾಯಲ್ಲಿ ಹೇಳಿದರೆ ನಿನ್ನ ಕಣ್ಣಲ್ಲಿ ನೀರು ಬರುತ್ತೆ, ನನಗೂ ಬರುತ್ತೆ. ಅದಕ್ಕೇ ಬರೆದಿಡ್ತಿದ್ದೀನಿ.

ನಿಲ್ಲಿಸಬೇಡ. ಈಜೇ ಬೇಜಾರಾಗಿದ್ದರೆ ಬೇರೆ ಮಾತು, ಇವತ್ತೇ ಬಿಡು, ಯಾರೂ ಏನೂ ಅನ್ನಲ್ಲ. ಆದರೆ ಮಾರ್ಕ್ಸ್ ಭಯಕ್ಕೆ ಬಿಡಬೇಡ. ಎಸ್ಸೆಸ್ಸೆಲ್ಸಿ ಆದಮೇಲೆ ಎಷ್ಟು ಹುಡುಗಿಯರು ಪೂಲ್ ಕಡೆ ತಲೆ ಹಾಕಲಿಲ್ಲ ಅಂತ ನೀನೇ ನೋಡಿದ್ದೀಯ. ಎರಡು ವರ್ಷ ಅಷ್ಟೇ, ಆಮೇಲೆ ಬರ್ತೀವಿ ಅಂತ ಹೋದವರು. ಮೈ ಬೆಳೆಯುವ ವಯಸ್ಸಲ್ಲಿ ನೀರು ಬಿಟ್ಟರೆ ವಾಪಸ್ ಬರೋದು ಎಷ್ಟು ಕಷ್ಟ! ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಾಗ ಅವಳಿಗೆ ಬರೀ 14. ಕೇಂದ್ರೀಯ ವಿದ್ಯಾಲಯದ ಒಂಬತ್ತನೇ ಕ್ಲಾಸ್ ಹುಡುಗಿ.

ಹಾಗಂತ ಓದು ಬೇಡ ಅಂತಲ್ಲ. ದೊಡ್ಡಪ್ಪ ಸಿಕ್ಕಾಗೆಲ್ಲ ಕುಂಬ್ಳೆ ಹೆಸರು ಹೇಳ್ತಾರೆ. 1990ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರಿನ್ನೂ ಆರ್.ವಿ. ಕಾಲೇಜಲ್ಲಿ ಇಂಜಿನಿಯರಿಂಗ್ ಓದ್ತಿದ್ದರು, ಡಿಗ್ರಿಯನ್ನೂ ಮುಗಿಸಿದರು. ನಿಜ, ದೊಡ್ಡ ಸಾಧನೆ. ಆದರೆ ಆ ಹೆಸರು ಹೇಳಿ ನಿನ್ನನ್ನು ಹೆದರಿಸೋದು ನನಗೆ ಒಂಚೂರೂ ಇಷ್ಟ ಆಗಲ್ಲ. ನಿನ್ನ ದಿನ ಹೇಗಿದೆ ಅಂತ ನೋಡಿ ಆಮೇಲೆ ಮಾತಾಡಬೇಕು.

ನಿನ್ನ ಗಣಿತದ ನೋಟ್ಸ್ ಇನ್ನೂ ಮೇಜಿನ ಮೇಲಿದೆ. ಪುಟದ ಮೇಲ್ಗಡೆ ದುಂಡಗಿನ ಅಕ್ಷರ. ಕೆಳಗೆ ಬರ್ತಾ ಬರ್ತಾ ಸಾಲು ಜಾರಿದೆ, ಕೊನೇ ಲೆಕ್ಕದಲ್ಲಿ ಪೆನ್ನು ಉದ್ದಕ್ಕೆ ಒಂದು ಗೀಟು ಎಳೆದು ಅಲ್ಲೇ ನಿಂತಿದೆ. ತೂಕಡಿಸಿಕೊಂಡು ಬರೆದಿದ್ದೀಯ. ಪೂಲೂ ಬಿಡಲಿಲ್ಲ, ಓದೂ ಬಿಡಲಿಲ್ಲ, ಕತ್ತರಿ ಬಿದ್ದಿದ್ದು ನಿದ್ದೆಗೆ.

ನಾನು ಹೇಳಬೇಕಾಗಿರೋದು ಇದೊಂದೇ ಕಂದಾ, ನಿದ್ದೆಗೆ ಕೈ ಹಾಕಬೇಡ. ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಡಾಕ್ಟರುಗಳು ಹೇಳ್ತಾರೆ. ಗಾಢ ನಿದ್ದೆಯಲ್ಲೇ ದಣಿದ ಸ್ನಾಯು ಸರಿಹೋಗೋದು, ಓದಿದ್ದು ತಲೆಯಲ್ಲಿ ನಿಲ್ಲೋದೂ ಆಗಲೇ. ಬೆಳಿಗ್ಗೆ 4.30ಕ್ಕೆ ಏಳಬೇಕಾದರೆ ರಾತ್ರಿ 8.30ಕ್ಕೆ ಮಲಗಬೇಕು, ಆಗ ಸರಿಯಾಗಿ 8 ಗಂಟೆ. ಇಲ್ಲಿಂದ ಹಿಂದಕ್ಕೆ ಲೆಕ್ಕ ಹಾಕು. ಸಂಜೆ ಪೂಲ್‌ಗೆ ಹೋಗಿಬಂದು ಊಟ ಮುಗಿಸೋ ಹೊತ್ತಿಗೆ ರಾತ್ರಿ ಓದೋಕೆ ಅಂತ ಏನೂ ಉಳಿಯಲ್ಲ, ಅಂದಮೇಲೆ ಸಂಜೆವರೆಗೂ ಕೂರಿಸಿಕೊಂಡು ಸಿಇಟಿ, ನೀಟ್ ಅಂತ ತಿಕ್ಕುವ ಇಂಟಿಗ್ರೇಟೆಡ್ ಕಾಲೇಜು ನಮಗೆ ಆಗಲ್ಲ. ಅದು ಎಷ್ಟೇ ಹೆಸರಾದ ಕಾಲೇಜಾದರೂ ಸರಿ. ಮಧ್ಯಾಹ್ನಕ್ಕೆ ಬಿಡುವ, ಮನೆಗೆ ಹತ್ತಿರದ ಕಾಲೇಜು ಹುಡುಕೋಣ. ಮಧ್ಯಾಹ್ನ ಒಂದೆರಡು ಗಂಟೆ ಎಚ್ಚರವಾಗಿ ಓದಿದರೆ ಸಾಕು, ರಾತ್ರಿ ತೂಕಡಿಸಿ ಓದಿದ್ದಕ್ಕಿಂತ ಅದೇ ಜಾಸ್ತಿ.

ಹಾಜರಾತಿ 75 ಪರ್ಸೆಂಟ್ ಇರಲೇಬೇಕು, ಅದರಲ್ಲಿ ರಾಜಿ ಇಲ್ಲ. ಅದಕ್ಕೆ ಸೇರುವ ಮೊದಲೇ ಪ್ರಿನ್ಸಿಪಾಲರನ್ನು ನೋಡಿ ರಾಜ್ಯ, ನ್ಯಾಷನಲ್ ಮೀಟ್‌ಗೆ ಹೋದ ದಿನಗಳಿಗೆ ಏನು ಮಾಡ್ತೀರಿ ಅಂತ ಕೇಳೋಣ. ಮುಖ ಸಿಂಡರಿಸಿದರೆ ಇನ್ನೊಂದು ಕಾಲೇಜು. ಸರ್ಟಿಫಿಕೇಟುಗಳನ್ನೆಲ್ಲ ಬ್ಯಾಗಿನ ತಳದಲ್ಲಿ ಒದ್ದೆ ಟವೆಲ್ ಜೊತೆ ತುರುಕಬೇಡ, ಸಿಇಟಿ ಕ್ರೀಡಾ ಕೋಟಾಗೆ ಒರಿಜಿನಲ್ಲೇ ಬೇಕು. ಪಿಯುಸಿಯಲ್ಲಿ ಈಗ ಎರಡನೇ ಪರೀಕ್ಷೆಯೂ ಇದೆ, ಮೊದಲನೆಯದರಲ್ಲಿ ಕಡಿಮೆ ಬಂದ ವಿಷಯವನ್ನು ಮತ್ತೆ ಬರೆಯಬಹುದು. ಮೊದಲ ಪರೀಕ್ಷೆಯಲ್ಲೇ ಜೀವನ ಮುಗಿದುಹೋಗಲ್ಲ.

ಮೀಟ್ ಹತ್ತಿರ ಇದ್ದಾಗ ಪುಸ್ತಕ ಹಿಂದೆ ಬೀಳುತ್ತೆ, ಪರೀಕ್ಷೆ ಹತ್ತಿರ ಬಂದಾಗ ಟೈಮಿಂಗ್ ಎರಡು ಸೆಕೆಂಡ್ ಜಾಸ್ತಿ ಆಗುತ್ತೆ. ಆಗಲಿ ಬಿಡು. ಎರಡರಲ್ಲೂ ದಿನಾ ಫಸ್ಟ್ ಬರಬೇಕು ಅಂತ ಈ ಮನೆಯಲ್ಲಿ ಯಾರೂ ಕೇಳಿಲ್ಲ, ಕೇಳೋದೂ ಇಲ್ಲ.

ಸೈನ್ಸಾ ಕಾಮರ್ಸಾ ಅನ್ನೋದು ಮಾತ್ರ ನೀನೇ ಹೇಳಬೇಕು. ಭಾನುವಾರ ಅಪ್ಪ ಬರ್ತಾರೆ, ಮೂವರೂ ಕೂತು ಮಾತಾಡೋಣ. ಅಷ್ಟರೊಳಗೆ ಕೋಚ್ ಹತ್ತಿರ ಮುಂದಿನ ವರ್ಷದ ಮೀಟ್‌ಗಳು ಯಾವ ತಿಂಗಳಲ್ಲಿ ಬರಬಹುದು ಅಂತ ಕೇಳಿ ಬರೆದುಕೊಂಡು ಬಾ.

ನಿನ್ನ ಅಮ್ಮ