ಎಕ್ಸ್‌ರೇ ಕೋಣೆಯಲ್ಲಿರುವ ಮಗಳಿಗೆ

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಹೇಳಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ವಾರ್ಡಿಗೆ ಪೋರ್ಟಬಲ್ ಎಕ್ಸ್‌ರೇ ಯಂತ್ರ ತಳ್ಳಿಕೊಂಡು ಹೋಗುವಾಗ ಕಿರಣ ತಡೆಯುವ ಸೀಸದ ಏಪ್ರನ್ ಹೆಗಲು ನೋಯಿಸುತ್ತದೆ, ಕೆಲವು ದಿನ ಅದನ್ನು ಗೋಡೆಯ ಮೊಳೆಗೇ ಬಿಟ್ಟು ಹೋಗುತ್ತೇನೆ ಎಂದೆ. ಫೋನಿನಲ್ಲಿ ಹೇಳಿದರೆ ಗದರಿದಂತಾಗುತ್ತದೆ ಎಂದು ಕಾಗದ ಬರೆಯುತ್ತಿದ್ದೇನೆ.

ನಿನ್ನ ಕೆಲಸ ಹುಟ್ಟಿದ ವರ್ಷ 1896. ಅದರ ಹಿಂದಿನ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಜ್ಞಾನಿ ರಾಂಟ್‌ಜನ್ ಎಕ್ಸ್‌ರೇ ಕಿರಣವನ್ನು ಕಂಡಿದ್ದರು. ಹೆಂಡತಿಯ ಉಂಗುರ ತೊಟ್ಟ ಕೈಯ ಚಿತ್ರವನ್ನೂ ತೆಗೆದಿದ್ದರು. ಜನವರಿಯಲ್ಲಿ ಸುದ್ದಿ ಪತ್ರಿಕೆಗಳಲ್ಲಿ ಬಂತು. ಫೆಬ್ರುವರಿ 3ಕ್ಕಾಗಲೇ ಅಮೆರಿಕದ ಡಾರ್ಟ್‌ಮತ್‌ನಲ್ಲಿ ಬಾಲಕನೊಬ್ಬನ ಮುರಿದ ಮಣಿಕಟ್ಟಿನ ಚಿತ್ರ ತೆಗೆದರು! ರಾಂಟ್‌ಜನ್ ಪೇಟೆಂಟ್ ಪಡೆಯಲಿಲ್ಲ. ಅದಕ್ಕೇ ಅದು ಅಷ್ಟು ಬೇಗ ಊರೂರು ತಲುಪಿತು. ಅವರ ಆ ದೊಡ್ಡ ಮನಸ್ಸನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆ ವರ್ಷ ಬೇರೆ ಏನೆಲ್ಲ ನಡೆಯಿತು! ಏಪ್ರಿಲಿನಲ್ಲಿ ಅಥೆನ್ಸ್‌ನಲ್ಲಿ ಒಲಿಂಪಿಕ್ಸ್. ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲ್ಯುಮಿಯೇರ್ ಸಹೋದರರ ಚಲಿಸುವ ಚಿತ್ರಗಳು. ಸೆಪ್ಟೆಂಬರಿನಲ್ಲಿ ಅದೇ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು. ಎರಡು ವರ್ಷದಲ್ಲಿ ಅದು ಬೆಂಗಳೂರಿಗೂ ಬಂತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲೆಂದು ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಬೆಳೆದದ್ದು ಆ ನಂತರವೇ.

ಮಾರ್ಚ್ 1ನೇ ತಾರೀಖನ್ನು ಮಾತ್ರ ನೆನಪಿಟ್ಟುಕೋ. ಅಂದು ಇಥಿಯೋಪಿಯದ ಮೆನೆಲಿಕ್ ದೊರೆಯ ಸೈನ್ಯ ಅಡ್ವಾದಲ್ಲಿ ಇಟಲಿಯನ್ನು ಸೋಲಿಸಿ ತನ್ನ ಸ್ವಾತಂತ್ರ್ಯ ಉಳಿಸಿಕೊಂಡಿತು. ಅದೇ ದಿನ ಪ್ಯಾರಿಸ್‌ನಲ್ಲಿ ವಿಜ್ಞಾನಿ ಬೆಕರೆಲ್ ತಮ್ಮ ಮೇಜಿನ ಖಾನೆಯಲ್ಲಿದ್ದ ಫೋಟೋ ಫಲಕವನ್ನು ತೊಳೆದು ಚಿತ್ರ ಮೂಡಿದೆಯೇ ಎಂದು ನೋಡಿದರು. ಕಪ್ಪು ಕಾಗದ ಸುತ್ತಿದ ಫಲಕ, ಮೇಲೆ ಯುರೇನಿಯಂ ಲವಣ. ಮೋಡ ಕವಿದು ಬಿಸಿಲಿಗಿಡಲು ಆಗಿರಲಿಲ್ಲ. ಆದರೂ ಫಲಕದ ಮೇಲೆ ಗಾಢವಾದ ಗುರುತು ಮೂಡಿತ್ತು. ಯುರೇನಿಯಂ ತಾನಾಗಿಯೇ ಕಾಣದ ಕಿರಣ ಸೂಸುತ್ತಿತ್ತು, ಬೆಳಕಿಲ್ಲದೆ, ಸದ್ದಿಲ್ಲದೆ, ಮುಚ್ಚಿದ ಖಾನೆಯೊಳಗೆ. ನೀನು ನಿತ್ಯ ಒಡನಾಡುವ ಕಿರಣವೂ ಹೀಗೆಯೇ ಕಣ್ಣಿಗೆ ಕಾಣದ್ದು, ಮೈಗೆ ತಾಕಿದ್ದು ತಿಳಿಯದ್ದು.

ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1896ರಲ್ಲೇ ಈ ಕೆಲಸಕ್ಕಿಳಿದವನು. ಯಂತ್ರ ಸರಿಯಿದೆಯೇ ಎಂದು ನೋಡಲು ತನ್ನ ಕೈಯನ್ನೇ ಮತ್ತೆ ಮತ್ತೆ ಒಡ್ಡುತ್ತಿದ್ದ. ಮೊದಲು ಚರ್ಮ ಸುಟ್ಟಂತಾಯಿತು, ಆಮೇಲೆ ಹುಣ್ಣು, ಕೊನೆಗೆ ಎರಡೂ ತೋಳುಗಳನ್ನು ಕತ್ತರಿಸಬೇಕಾಯಿತು. 1904ರಲ್ಲಿ ತೀರಿಕೊಂಡ. ಎಡಿಸನ್ ಆ ಕಿರಣದ ಕೆಲಸವನ್ನೇ ಬಿಟ್ಟರು.

ಸ್ಯಾನ್‌ಫ್ರಾನ್ಸಿಸ್ಕೋದ ಎಲಿಜಬೆತ್ ಫ್ಲೈಶ್‌ಮನ್ ಲೆಕ್ಕ ಬರೆಯುವ ಕೆಲಸ ಬಿಟ್ಟು ಎಕ್ಸ್‌ರೇ ಕಲಿತವಳು. ಯುದ್ಧದಿಂದ ಮರಳಿದ ಗಾಯಾಳು ಸೈನಿಕರ ಮೈಯಲ್ಲಿ ಗುಂಡು ಎಲ್ಲಿದೆ ಎಂದು ವೈದ್ಯರಿಗೆ ತೋರಿಸಿಕೊಟ್ಟವಳು. ರೋಗಿಗಳು ಹೆದರದಿರಲಿ ಎಂದು ತನ್ನ ಕೈಯನ್ನು ಮೊದಲು ಇಡುತ್ತಿದ್ದಳಂತೆ. ಅವಳ ತೋಳನ್ನೂ ತೆಗೆದರು, 1905ರಲ್ಲಿ ಅವಳೂ ಹೋದಳು. ಈ ಹೆಣ್ಣುಮಗಳ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂದಿನ ಯಂತ್ರಗಳು ಸುರಕ್ಷಿತ ಎಂದು ನೀನು ಹೇಳುತ್ತೀಯ, ನಿಜ. ಆದರೆ ಅವರು ಕಳೆದುಕೊಂಡ ಬೆರಳುಗಳಿಂದಲೇ ನಿನ್ನ ಏಪ್ರನ್ ಬಂದದ್ದು. ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ನಿನ್ನ ಮೈಗೆ ತಾಕಿದ ಕಿರಣದ ಲೆಕ್ಕವನ್ನಷ್ಟೇ ಇಡುತ್ತದೆ, ತಡೆಯುವುದಿಲ್ಲ.

ಹೆಗಲಿಗೂ ಸೊಂಟಕ್ಕೂ ಭಾರ ಹಂಚುವ ಎರಡು ತುಂಡಿನ ಏಪ್ರನ್ ಸಿಗುತ್ತದೆ. ನಿನ್ನ ಅಳತೆಯದನ್ನು ಮೇಲಿನವರ ಬಳಿ ಕೇಳು. ಕೊಡದಿದ್ದರೆ ನನಗೆ ತಿಳಿಸು, ಈ ತಿಂಗಳ ಚೀಟಿ ಹಣ ಬಂದ ಕೂಡಲೇ ನಾವೇ ಕೊಳ್ಳೋಣ.

ನಿನ್ನ ಅಮ್ಮ