ಟೋಪಿ ಹಿಡಿದು ನಿಂತ ಬಸ್ ಡ್ರೈವರಿಗೆ

ಅಮೆರಿಕದ ಯೂಟಾ, ಅರಿಜೋನಾ ರಾಜ್ಯಗಳನ್ನು ಸುತ್ತುವ 7 ದಿನದ ಬಸ್ ಟೂರಿನಲ್ಲಿ ಅದು ಮೂರನೇ ದಿನ. ಬ್ರೈಸ್ ಕ್ಯಾನಿಯನ್‌ನ ನವಾಜೊ ಲೂಪ್ ದಾರಿಯಲ್ಲಿ, ಕೆಂಪು ಕಲ್ಲಿನ ಕಂಬಗಳ ನಡುವೆ, ನಾನು ಅಮ್ಮ ಖುಷಿಯಾಗಿ ಇಳಿದುಬಿಟ್ಟೆವು. ಇಳಿಯುವುದು ಸುಲಭ, ಅಲ್ವಾ? ಅಲ್ಲಿ ಕಣಿವೆಯ ಅಂಚೇ ಸುಮಾರು 8,000 ಅಡಿ ಎತ್ತರದಲ್ಲಿದೆ. ಹತ್ತುವಾಗ ಅಮ್ಮ ಉಸಿರು ಸಾಲದೆ ದಾರಿ ಬದಿಯಲ್ಲಿ ಕೂತೇಬಿಟ್ಟರು. ಬಸ್ ಹೊರಡುವ ಹೊತ್ತು ಮೀರಿಹೋಗಿತ್ತು.

ಆಗ ಮೇಲಿನಿಂದ ನಮ್ಮ ಡ್ರೈವರ್ ಇಳಿದು ಬಂದರು. ತಲೆ ಎಣಿಸಿದಾಗ ಇಬ್ಬರು ಕಡಿಮೆ ಇದ್ದರಂತೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಸುಮ್ನೆ ತಮ್ಮ ಟೋಪಿ ತೆಗೆದು ಅಮ್ಮನ ಮುಖಕ್ಕೆ ನೆರಳು ಹಿಡಿದರು. ಗುಟುಕು ಗುಟುಕಾಗಿ ನೀರು ಕುಡಿಸಿದರು. ಜೇಬಿನಿಂದ ಉಪ್ಪು ಬಿಸ್ಕೆಟ್ ತೆಗೆದುಕೊಟ್ಟರು. ಆಮೇಲೆ ಒಂದು ತಿರುವು, ಒಂದು ನಿಲುಗಡೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಅದಕ್ಕೇ ಇನ್ನೆಷ್ಟು ತಿರುವು ಉಳಿದಿದೆ ಎಂದು ಬೆರಳು ಮಡಚಿ ತೋರಿಸುತ್ತಿದ್ದರು. ಒಮ್ಮೆಯೂ ವಾಚ್ ನೋಡಲಿಲ್ಲ. ನಾನೇ ಹತ್ತು ಸಲ ನೋಡಿದೆ. ಮೇಲಿನ ಬೇಲಿ ಕಂಡಾಗ ನನಗೂ ಉಸಿರು ಬಂತು.

ಮರುದಿನ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ, ಅಮ್ಮ ಬಾಗಿಲಿಗೆ ಬರುವ ಮೊದಲೇ ಬಸ್ಸಿನ ಮೆಟ್ಟಿಲ ಕೆಳಗೆ ಪುಟ್ಟ ಸ್ಟೂಲ್ ಕೂತಿತ್ತು.

ಥ್ಯಾಂಕ್ಸ್ ಸರ್. ಅಮ್ಮ ಈಗಲೂ ನಿಮ್ಮನ್ನು ‘ಟೋಪಿ ತಮ್ಮ’ ಅಂತಲೇ ಕರೆಯುತ್ತಾರೆ.